ಮರೆವು, ಮಂಕು, ಗೊಂದಲ: ವಯಸ್ಸಾದವರಲ್ಲಿ ಮೂರನ್ನು ಬೇರೆ ಮಾಡುವುದು ಹೇಗೆ?

ಮನೆಯವರು ಬಂದು "ಅಜ್ಜಿಗೆ ಈಗೀಗ ಏನೂ ನೆನಪಿರಲ್ಲ" ಅಂದ ಕೂಡಲೇ ಕೇಸ್ ಶೀಟಿನಲ್ಲಿ ಡಿಮೆನ್ಶಿಯಾ (ನೆನಪು, ಅರಿವು ನಿಧಾನವಾಗಿ ಕುಂದುತ್ತಾ ಹೋಗುವ ಸ್ಥಿತಿ) ಅಂತ ಬರೆದುಬಿಡುವುದು ಸುಲಭ. ಆದರೆ ಅದೇ ಮಾತಿನ ಹಿಂದೆ ಡಿಲೀರಿಯಂ (ದಿಢೀರನೆ ಬರುವ ಗೊಂದಲ) ಇರಬಹುದು, ಖಿನ್ನತೆಯೂ ಇರಬಹುದು. ಮೂರೂ ಒಬ್ಬರಲ್ಲೇ ಸೇರಿಕೊಂಡಿರುವುದೂ ಉಂಟು. ಹಾಗಾಗಿ ಯಾವ ಟೆಸ್ಟಿಗೂ ಮೊದಲು ಕೇಳಿ: ಯಾವಾಗಿನಿಂದ ಹೀಗೆ? ಎಷ್ಟು ಬೇಗ ಹೀಗಾಯ್ತು? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಮೊದಲು ಡಿಲೀರಿಯಂ, ಯಾಕಂದ್ರೆ ಇಲ್ಲಿ ಕಾಯುವ ಹಾಗಿಲ್ಲ. ಇದು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಒಂದು ಉದಾಹರಣೆ ಊಹಿಸಿಕೊಳ್ಳಿ. ಸೊಂಟದ ಮೂಳೆ ಆಪರೇಷನ್ ಆದ ಎರಡನೇ ರಾತ್ರಿ ಅಜ್ಜ ಹೊದಿಕೆ ಎಳೆದಾಡುತ್ತಾರೆ, ತೀರಿಹೋದ ತಮ್ಮನನ್ನು ಕರೆಯುತ್ತಾರೆ. ಬೆಳಿಗ್ಗೆ ಕಾಫಿ ಕುಡಿದು ಚೆನ್ನಾಗಿ ಮಾತಾಡುತ್ತಾರೆ. ಸಂಜೆ ಮತ್ತೆ ಅದೇ ಗೊಂದಲ. ಹೀಗೆ ಏರಿಳಿಯುವುದು, ಗಮನ ನಿಲ್ಲದಿರುವುದು ಇದರ ಮುಖ್ಯ ಗುರುತು. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ ನೋಡಿ, ನಡುವೆಯೇ ದಾರಿ ತಪ್ಪುತ್ತಾರೆ.

ಕೂಗಾಡುವವರನ್ನು ವಾರ್ಡಿನಲ್ಲಿ ಎಲ್ಲರೂ ಗಮನಿಸುತ್ತಾರೆ. ಸುಮ್ನೆ ಮಂಪರಿನಲ್ಲಿ ಮಲಗಿರುವವರನ್ನು ಯಾರೂ ಗಮನಿಸುವುದಿಲ್ಲ. "ಸುಸ್ತಾಗಿದೆ, ಮಲಗಲಿ ಬಿಡಿ" ಅನ್ನುತ್ತಾರೆ. ಅದೂ ಡಿಲೀರಿಯಂ ಆಗಿರಬಹುದು, ಜಾಸ್ತಿ ತಪ್ಪಿಹೋಗುವುದು ಇದೇ. ಕಾರಣ ಹೆಚ್ಚಾಗಿ ಮೆದುಳಿನ ಹೊರಗೇ ಇರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ನೀರಿನಂಶ ಇಳಿಯುವುದು, ಮಲಬದ್ಧತೆ. ಮಾತ್ರೆಗಳನ್ನಂತೂ ಮರೆಯಲೇಬೇಡಿ. ನಿದ್ದೆ ಮಾತ್ರೆ, ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮೈನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೆಲ್ಲ ವಯಸ್ಸಾದವರ ತಲೆ ಕೆಡಿಸಬಲ್ಲವು. ಚೀಟಿ ಸಾಲದು, ಮನೆಯಲ್ಲಿರುವ ಮಾತ್ರೆಗಳ ಚೀಲವನ್ನೇ ತರಲು ಹೇಳಿ.

ಖಿನ್ನತೆಯ ಕಾಲಮಾನ ವಾರಗಳು, ತಿಂಗಳುಗಳು. ನಮ್ಮ ಹಿರಿಯರು "ನನಗೆ ದುಃಖ" ಅಂತ ಬಾಯಿಬಿಟ್ಟು ಹೇಳುವುದು ಅಪರೂಪ. ಮೈಕೈ ನೋವು, ಊಟ ಸೇರಲ್ಲ, ನಾಲ್ಕಕ್ಕೇ ಎಚ್ಚರ ಆಗುತ್ತೆ, ಯಾರಿಗೂ ಭಾರ ಆಗಬಾರದು ಅನ್ನುತ್ತಾರೆ. ಆ ಕೊನೆಯ ಮಾತು ಬಂದರೆ ಅಲ್ಲೇ ನಿಂತು, ಸಾಯುವ ಯೋಚನೆ ಬರುತ್ತದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ. ಖಿನ್ನತೆ ಇರುವವರು ಮರೆವಿನ ಬಗ್ಗೆ ತಾವೇ ದೂರುತ್ತಾರೆ, ಪ್ರಶ್ನೆ ಕೇಳಿದರೆ "ಗೊತ್ತಿಲ್ಲಪ್ಪ" ಅಂತ ಕೈಬಿಡುತ್ತಾರೆ. ಡಿಮೆನ್ಶಿಯಾದಲ್ಲಿ ದೂರುವುದು ಹೆಚ್ಚಾಗಿ ಮಕ್ಕಳು; ರೋಗಿಗಳೋ ಏನಾದರೊಂದು ಉತ್ತರ ಹೊಂದಿಸಿ ನಗುತ್ತಾರೆ. ಇದು ಒಳ್ಳೆಯ ಸುಳಿವು, ಆದರೆ ಕಟ್ಟುನಿಟ್ಟಿನ ನಿಯಮವಲ್ಲ. ಇಳಿವಯಸ್ಸಿನಲ್ಲಿ ಮೊದಲ ಸಲ ಬರುವ ಖಿನ್ನತೆ ಕೆಲವೊಮ್ಮೆ ಡಿಮೆನ್ಶಿಯಾದ ಮುನ್ಸೂಚನೆಯೇ ಆಗಿರುತ್ತದೆ. ಹಾಗಾಗಿ ಮನಸ್ಸು ಗೆಲುವಾದ ಮೇಲೂ ನೆನಪಿನ ಶಕ್ತಿಯನ್ನು ಮತ್ತೆ ಪರೀಕ್ಷಿಸಬೇಕು.

ಇನ್ನು ಡಿಮೆನ್ಶಿಯಾ. ಇದು ತಿಂಗಳು, ವರ್ಷಗಳ ಕಥೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರಿಗೂ ಇದ್ದದ್ದೇ. ವರ್ಷಗಟ್ಟಲೆ ಹೋಗಿಬಂದ ಹಾಲಿನ ಬೂತಿನಿಂದ ಮನೆ ದಾರಿ ತಿಳಿಯದಿದ್ದರೆ, ಕಣ್ಣುಮುಚ್ಚಿ ಸಾರು ಮಾಡುತ್ತಿದ್ದವರಿಗೆ ಯಾವುದರ ನಂತರ ಯಾವುದು ಅನ್ನುವುದೇ ಹೊಳೆಯದಿದ್ದರೆ, ಅದು ಬೇರೆ. ದಿನನಿತ್ಯದ ಕೆಲಸಕ್ಕೆ ಪೆಟ್ಟು ಬಿದ್ದಿದೆಯೇ ಅನ್ನುವುದೇ ಗೆರೆ. ವಯಸ್ಸಿಗೆ ಮೀರಿದ ಮರೆವು ಕಾಣುತ್ತಿದ್ದರೂ ಕೆಲಸ ನಡೆಯುತ್ತಿದ್ದರೆ ಅದು ಸೌಮ್ಯ ಅರಿವಿನ ಕುಂದು. ಡಿಮೆನ್ಶಿಯಾದ ವಿಧಗಳು ವೈದ್ಯಕೀಯ ಪಠ್ಯದಲ್ಲೇ ಇವೆ: ಆಲ್ಝೈಮರ್‌ನಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ರಕ್ತನಾಳದ ಬಗೆಯಲ್ಲಿ ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಲೆವಿ ಬಾಡಿ ಅನ್ನುವ ಬಗೆಯಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣಿಸುತ್ತವೆ. ಡಿಮೆನ್ಶಿಯಾ ಅಂತ ಹೆಸರು ಕೊಡುವ ಮೊದಲು ಬಿ12 ವಿಟಮಿನ್, ಥೈರಾಯ್ಡ್ ನೋಡಬೇಕು. ಬಿದ್ದ ಪೆಟ್ಟಿನಿಂದ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯೇ ಅನ್ನುವುದನ್ನೂ ತಿಳಿದುಕೊಳ್ಳಬೇಕು. ಇವಕ್ಕೆ ಚಿಕಿತ್ಸೆ ಇದೆ.

ಟೆಸ್ಟಿನ ವಿಷಯದಲ್ಲಿ ನನಗೊಂದು ತಕರಾರಿದೆ. 1975ರಲ್ಲಿ ಬಂದ, ನೆನಪು, ಅರಿವು ಅಳೆಯುವ 30 ಅಂಕದ ಎಂಎಂಎಸ್‌ಇ ಪರೀಕ್ಷೆಯನ್ನು ಎಲ್ಲೆಡೆ ಬಾಯಿಪಾಠ ಮಾಡಿಸುತ್ತಾರೆ. ಅದರಲ್ಲಿ ಓದು, ಬರಹ, 100ರಿಂದ 7 ಕಳೆಯುತ್ತಾ ಹೋಗುವುದು ಇದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಅಂಕ ಕಡಿಮೆ ಬಂದರೆ ಅದು ಕಾಯಿಲೆಯಾ, ಅನಕ್ಷರತೆಯಾ? ಇದಕ್ಕಾಗಿಯೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗೆ ಹೊಂದುವಂತೆ 1990ರ ದಶಕದಲ್ಲಿ ಇದರ ಹಿಂದಿ ರೂಪ ಮಾಡಿದರು. ಅಲ್ಲಿ "ಕಣ್ಣು ಮುಚ್ಚಿ" ಅಂತ ಓದಿಸುವ ಬದಲು, "ನಾನು ಮಾಡಿದ ಹಾಗೆ ಮಾಡಿ" ಅಂತ ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸುತ್ತಾರೆ. ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿಸುತ್ತಾರೆ. ಎಷ್ಟು ಸರಳ, ಅಲ್ವಾ? ಇನ್ನೊಂದು: ಕಿವಿ ಕೇಳಿಸದವರಿಗೆ ಶ್ರವಣಯಂತ್ರ ಹಾಕದೆ, ಕನ್ನಡಕ ಕೊಡದೆ ಟೆಸ್ಟ್ ಮಾಡಿದರೆ ಆ ಅಂಕಕ್ಕೆ ಬೆಲೆಯಿಲ್ಲ.

2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ (ಭಾರತದ ಹಿರಿಯರಲ್ಲಿ ಡಿಮೆನ್ಶಿಯಾ ಎಷ್ಟಿದೆ ಅಂತ ನೋಡಿದ) ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ತಡೆಯುವ ದಾರಿಗಳ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2024ರ ಆಯೋಗ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿದೆ. ಬಿಪಿ, ಸಕ್ಕರೆ ಕಾಯಿಲೆಗಳ ಜೊತೆಗೆ ಕಿವುಡುತನ, ಖಿನ್ನತೆ, ಒಂಟಿತನದ ಬದುಕೂ ಆ ಪಟ್ಟಿಯಲ್ಲಿವೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿದ 2013ರ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಡಿಮೆನ್ಶಿಯಾ ಸುಮಾರು 4.5 ವರ್ಷ ತಡವಾಗಿ ಬಂದಿತ್ತು. ಅನಕ್ಷರಸ್ಥರಲ್ಲೂ ಈ ವ್ಯತ್ಯಾಸ ಕಂಡಿತು. ಹಾಗಂತ ಕನ್ನಡ, ತೆಲುಗು ಎರಡೂ ಆಡುವ ಕೋಲಾರದವರೆಲ್ಲ ಬಚಾವ್ ಅಂದುಕೊಳ್ಳಬೇಡಿ. ಇದು ಆಸ್ಪತ್ರೆಗೆ ಬಂದವರ ನಡುವಿನ ಹೋಲಿಕೆ ಅಷ್ಟೇ.

ಕೇಸ್ ಹಿಸ್ಟರಿ ಮುಗಿಸುವ ಮೊದಲು ಜೊತೆಗೆ ಬಂದವರ ಕಡೆಗೂ ತಿರುಗಿ. "ನಿಮಗೆ ರಾತ್ರಿ ನಿದ್ದೆ ಆಗುತ್ತಾ? ನೀವು ಹೊರಗೆ ಹೋದರೆ ಇವರನ್ನು ಯಾರು ನೋಡ್ಕೋತಾರೆ?" ಅಂತ ಕೇಳಿ, ಉತ್ತರವನ್ನು ಕೇಸ್ ಶೀಟಿನಲ್ಲೇ ಬರೆಯಿರಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567. ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ.