ಮರದ ಕತ್ತಿ ಮೆದುವಲ್ಲ

‘ಮರದ್ದು ತಾನೇ, ಏನಾಗುತ್ತೆ?’ ಯುರೋಪಿನ ಹಳೆಯ ಕತ್ತಿವರಸೆ ಕಲಿಯಲು ಹೊರಟವರು ಮೊದಲ ಕತ್ತಿ ಕೊಳ್ಳುವಾಗ ಸಾಮಾನ್ಯವಾಗಿ ಹೀಗೇ ಅಂದುಕೊಳ್ಳುತ್ತಾರೆ. ಲೆಕ್ಕಕ್ಕೆ ಕೂತರೆ ಇದು ತಲೆಕೆಳಗಾಗುತ್ತದೆ.

ಬಾಗುವುದರ ಮಟ್ಟಿಗೆ ಉಕ್ಕು ಹಿಕರಿ ಎಂಬ ಅಮೆರಿಕದ ಗಟ್ಟಿ ಮರಕ್ಕಿಂತ ಸುಮಾರು 13 ಪಟ್ಟು ಪೆಡಸು. ಆದರೆ ಹಿಕರಿಯ ಸಾಂದ್ರತೆ ಉಕ್ಕಿನ ಹತ್ತನೇ ಒಂದು ಪಾಲು. ಹಾಗಾಗಿ ಕತ್ತಿಗೆ ತೂಕವೂ ತಾಳಿಕೆಯೂ ಬರಬೇಕಾದರೆ ಅಲಗನ್ನು ದಪ್ಪ ಮಾಡಲೇಬೇಕು, ಸರಿಸುಮಾರು 20 ಮಿ.ಮೀ. ಅಭ್ಯಾಸಕ್ಕೆಂದೇ ಇರುವ ಉಕ್ಕಿನ ಫೆಡರ್ ಕತ್ತಿಯ ತುದಿಭಾಗ ಮೂರೇ ಮಿ.ಮೀ. ಇರಬಹುದು. ಪಟ್ಟಿಯ ಪೆಡಸು ಏರುವುದು ದಪ್ಪದ ಘನದಂತೆ: ದಪ್ಪ ಇಮ್ಮಡಿಯಾದರೆ ಪೆಡಸು ಎಂಟ್ಮಡಿ. 20ನ್ನು 3ರಿಂದ ಭಾಗಿಸಿ ಘನ ಮಾಡಿದರೆ ಸುಮಾರು 296. ಅದನ್ನು 13ರಿಂದ ಭಾಗಿಸಿದರೆ 23ರ ಆಸುಪಾಸು. ಅಗಲ ಒಂದೇ ಎಂದು ಹಿಡಿದರೂ ಮರದ ತುದಿ ಉಕ್ಕಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಪೆಡಸು!

ತಿವಿದಾಗ ಫೆಡರ್ ಬಿಲ್ಲಿನಂತೆ ಬಾಗಿ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ. ಮರ ಬಾಗುವುದಿಲ್ಲ, ಎದುರಾಳಿಯ ಪಕ್ಕೆಲುಬೋ ಕುತ್ತಿಗೆಯೋ ಅದನ್ನು ನುಂಗಬೇಕು. ಮುಖದ ಜಾಲರಿ ತುದಿ ಒಳನುಗ್ಗದಂತೆ ತಡೆದೀತು, ತಲೆ ಹಿಂದಕ್ಕೆ ಎಗರುವುದನ್ನು ತಡೆಯದು. ಮರದ ಕತ್ತಿ ಹಿಡಿದು ಜೋರಾಗಿ ತಿವಿದಾಡುವುದು ಬೇಡವೇ ಬೇಡ. ಅದು ಒಂಟಿ ಅಭ್ಯಾಸಕ್ಕೆ, ನಿಧಾನದ ಜೋಡಿ ವರಸೆಗೆ.

ಇನ್ನೊಂದು ಮೂಢನಂಬಿಕೆ, ಭಾರವಾದಷ್ಟೂ ಒಳ್ಳೆಯದೆಂಬುದು. ರೋಮನ್ ಸೈನಿಕರು ಇಮ್ಮಡಿ ತೂಕದ ಮರದ ಕತ್ತಿಯಿಂದ ಕಲಿಯುತ್ತಿದ್ದರೆಂದು ರೋಮನ್ ಲೇಖಕ ವೆಜಿಟಿಯಸ್ ಬರೆದಿರುವುದು ನಿಜ. ಆದರೆ ಅವರು ಹೊಡೆಯುತ್ತಿದ್ದದ್ದು ನೆಲದಲ್ಲಿ ಹೂತ ಕಂಬಕ್ಕೆ, ಗೆಳೆಯನ ತಲೆಗಲ್ಲ. 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕತ್ತಿವರಸೆಯ ಗುರು ಯೋಆಕಿಂ ಮೈಯರ್ ಪ್ರಕಟಿಸಿದ ಕೈಪಿಡಿಯಲ್ಲಿ ಡುಸಾಕ್ ಎಂಬ ಗಿಡ್ಡ, ಬಾಗಿದ ಅಭ್ಯಾಸದ ಆಯುಧವಿದೆ. ಅದನ್ನು ಮರದಲ್ಲಿ ಮಾಡುತ್ತಿದ್ದರು. ಎರಡು ಕೈಯ ಲಾಂಗ್‌ಸ್ವೋರ್ಡ್‌ಗೆ ಆ ಕಾಲದಲ್ಲೇ ಉಕ್ಕಿನ ಫೆಡರ್ ಬಳಕೆಯಲ್ಲಿತ್ತು.

ಲಾಂಗ್‌ಸ್ವೋರ್ಡ್ ಮಾದರಿಯಾದರೆ ಉದ್ದ 110ರಿಂದ 130 ಸೆಂ.ಮೀ., ತೂಕ 1.1ರಿಂದ 1.5 ಕೆ.ಜಿ. ಇದ್ದರೆ ಸಾಕು. ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ, ಏಕೆಂದರೆ ಬೀಸುವಾಗ ಕೈಗೆ ತಟ್ಟುವ ಜಡತ್ವ ದೂರದ ವರ್ಗದಂತೆ ಏರುತ್ತದೆ. ಬೆರಳ ಮೇಲೆ ಅಲಗನ್ನಿಟ್ಟು ತೂಗಿಸಿ. ಉಕ್ಕಿನ ಕತ್ತಿ ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಿಂದ 5–10 ಸೆಂ.ಮೀ. ಆಚೆ ಸಮತೂಗುತ್ತದೆ. ಮರದ್ದು ತುದಿಯತ್ತ ಅಷ್ಟಾಗಿ ತೆಳುವಾಗದ ಕಾರಣ ಇನ್ನೂ ಮುಂದಕ್ಕೆ ಹೋಗುತ್ತದೆ. 15 ದಾಟಿದ್ದನ್ನು ಅಲ್ಲೇ ಬಿಟ್ಟುಬನ್ನಿ. ಹಿಡಿ ಮೊಟ್ಟೆಯಾಕಾರದ್ದಿರಲಿ. ಗುಂಡಗಿದ್ದರೆ ಅಂಚು ಯಾವ ಕಡೆಗಿದೆಯೆಂದು ಕೈಗೆ ತಿಳಿಯದು.

ಅಮೆರಿಕದಲ್ಲಿ ಕೊಡಲಿಗೆ ಹಿಕರಿಯ ಕಾವು ಹಾಕುವುದೂ ನಮ್ಮಲ್ಲಿ ದಿಂಡಿಗದ್ದು ಹಾಕುವುದೂ ಒಂದೇ ಕಾರಣಕ್ಕೆ: ಬರೀ ಗಡಸು ಸಾಲದು, ಪೆಟ್ಟು ತಾಳುವ ಜಿಗುಟು ಬೇಕು. ಹಿಕರಿ ಸಿಗದಿದ್ದರೆ ಆಶ್ ಮರ. ತೇಗ ಗೆದ್ದಲಿಗೆ ಜಗ್ಗದು, ಆದರೆ ಪೆಟ್ಟಿಗೆ ಸೀಳುತ್ತದೆ.

ಯಾವ ಮರವಾದರೂ ನಾರಿನ ಜಾಡು ನೋಡಿ. ಅದು ಹಿಡಿಯಿಂದ ತುದಿಯವರೆಗೆ ನೇರ ಓಡಬೇಕು. 20 ಸೆಂ.ಮೀ.ಗೆ ಒಂದು ಸೆಂ.ಮೀ. ಓರೆಯಾದರೆ ನಡೆದೀತು. 10 ಸೆಂ.ಮೀ.ಗೇ ಒಂದು ಸೆಂ.ಮೀ. ಓರೆಯಾದರೆ ಬಾಗುಬಲ ಐದನೇ ಒಂದರಷ್ಟು ಕುಗ್ಗುತ್ತದೆ, ಪೆಟ್ಟು ತಾಳುವ ಶಕ್ತಿ ಮೂರನೇ ಒಂದಕ್ಕಿಂತಲೂ ಹೆಚ್ಚು. ಉಂಗುರಗಳು ಒತ್ತೊತ್ತಾಗಿದ್ದರೆ ಗಟ್ಟಿಯೆಂಬ ಮಾತು ಹಿಕರಿ, ಆಶ್‌ಗಳಿಗೆ ಉಲ್ಟಾ: ತೀರಾ ಒತ್ತಾದರೆ ವಸಂತದ ತೂತುತೂತು ಪದರಗಳ ಪಾಲು ಹೆಚ್ಚಿ ಮರ ದುರ್ಬಲವಾಗುತ್ತದೆ. ಅಡ್ಡಪಟ್ಟಿ ಕೂರುವ ಜಾಗದಲ್ಲಿ ಗಂಟು ಕಂಡರೆ ಬೇಡವೆನ್ನಿ. ಮರ ಅಲ್ಲೇ ಮುರಿಯುವುದು.

ಉಕ್ಕಿನ ಕತ್ತಿಗೆ ಮರದ್ದನ್ನು ತಾಗಿಸಬೇಡಿ, ಅಂಚು ಕಿತ್ತು ಚಕ್ಕೆ ಹಾರುತ್ತದೆ. ಸಣ್ಣ ಸಿಬಿರನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಬಹುದು. ಉದ್ದಕ್ಕೆ ಬಿರುಕು ಬಿಟ್ಟದ್ದಕ್ಕೆ ಟೇಪ್ ಸುತ್ತಿದರೆ ಬಿರುಕು ಬೆಳೆಯುವುದು ಕಾಣದಂತಾಗುತ್ತದೆ, ಅಷ್ಟೇ. ಮರ ಒಣಗದಂತೆ ಆಗಾಗ ಅಗಸೆ ಎಣ್ಣೆ ಸವರಿ. ಆದರೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ: ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ, ಮಡಿಕೆಯೊಳಗೆ ಬಿಸಿ ಕೂಡಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ, ಬಯಲಲ್ಲಿ ಹರವಿ ಒಣಗಿಸಿ.