ಒಂದು ಹಿಡಿ ಸೊಪ್ಪಿನ ಲೆಕ್ಕ

ಮಳೆ ಹಿಡಿದು ಕೆಲವು ವಾರ ಕಳೆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲಿ ಕಳಲೆಯ ಮಾತು ಶುರುವಾಗುತ್ತದೆ. ಕಳಲೆ ಅಂದರೆ ಬಿದಿರಿನ ಎಳೆಯ ಮೊಳಕೆ. ತಂದ ದಿನವೇ ಅದನ್ನು ಯಾರೂ ಒಲೆಗೆ ಏರಿಸುವುದಿಲ್ಲ. ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ನೀರಿನಲ್ಲಿ ಹಾಕಿಡುತ್ತಾರೆ. ದಿನಕ್ಕೊಮ್ಮೆ ಆ ನೀರು ಚೆಲ್ಲಿ ಬೇರೆ ನೀರು ಹಾಕಬೇಕು. ಎರಡು ಮೂರು ದಿನ ಹೀಗೆ ಆದ ಮೇಲೆ ಬೇಯಿಸಿ, ಬೆಂದ ನೀರನ್ನೂ ಬಸಿದು, ಆಮೇಲೆ ಪಲ್ಯವೋ ಹುಳಿಯೋ ಮಾಡುತ್ತಾರೆ.

ಇಷ್ಟೆಲ್ಲ ಯಾಕೆ? ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇದೆ. ಅದು ಸುಮ್ನೆ ಇದ್ದಷ್ಟು ಹೊತ್ತು ತೊಂದರೆ ಇಲ್ಲ. ಪ್ರಾಣಿ ಕಚ್ಚಿದಾಗ ಅಥವಾ ನಾವು ಹೆಚ್ಚಿದಾಗ ಬಿದಿರಿನದೇ ಒಂದು ಕಿಣ್ವ ಅದಕ್ಕೆ ತಾಗುತ್ತದೆ. ಆಗ ಹುಟ್ಟುವುದು ಹೈಡ್ರೋಜನ್ ಸಯನೈಡ್. ಹೌದು, ಹೆಸರು ಕೇಳಿದರೇ ಎದೆ ನಡುಗುವ ಸಯನೈಡ್. ಇದಕ್ಕೆ ಎರಡು ಗುಣಗಳಿವೆ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗಿ ಹೋಗುತ್ತದೆ.

ಈಗ ಅಡುಗೆಮನೆಯ ಕ್ರಮವನ್ನು ಇನ್ನೊಮ್ಮೆ ನೋಡಿ. ಸಣ್ಣಗೆ ಹೆಚ್ಚಿದಷ್ಟೂ ಕಿಣ್ವ ಹೆಚ್ಚು ಕಡೆ ತಾಗಿ, ವಿಷ ಬೇಗ ಹೊರಗೆ ಬರುತ್ತದೆ. ಬಂದದ್ದು ನೀರಿಗೆ ಇಳಿಯುತ್ತದೆ. ನೀರು ಚೆಲ್ಲಿದಾಗ ಅದರ ಜೊತೆ ಹೋಗುತ್ತದೆ. ಉಳಿದದ್ದು ಬೇಯಿಸುವಾಗ ಆವಿಯಲ್ಲಿ ಹಾರುತ್ತದೆ. ಹಾಗಾಗಿ ಕಳಲೆ ಬೇಯಿಸುವಾಗ ಪಾತ್ರೆಯ ಮುಚ್ಚಳ ತೆಗೆದಿಡುವುದೇ ಒಳ್ಳೆಯದು. ನೆನೆಸಿದ ನೀರನ್ನು ದನಕರುಗಳಿಗೆ ಕುಡಿಸಲೇಬಾರದು. ರಸಾಯನಶಾಸ್ತ್ರದ ಪುಸ್ತಕ ಮುಟ್ಟದ ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದ ಈ ಕೆಲಸದಲ್ಲಿ ಒಂದು ಹಂತವೂ ದಂಡವಲ್ಲ. ನನಗಂತೂ ಇದು ಯಾವ ಪ್ರಯೋಗಾಲಯದ ಸಾಧನೆಗೂ ಕಡಿಮೆ ಅನ್ನಿಸುವುದಿಲ್ಲ.

ಮಲೆನಾಡಿನ ಮನೆಮದ್ದು, ಸೊಪ್ಪು-ಸದೆಗಳ ಬಗ್ಗೆ ಈಗ ಎಲ್ಲ ಕಡೆ ಮಾತು ಕೇಳುತ್ತೇವೆ. ಯಾವ ಗಿಡ ಯಾವ ಕಾಯಿಲೆಗೆ ಎಂಬ ಪಟ್ಟಿಗಳು ಫೋನಿನಿಂದ ಫೋನಿಗೆ ಓಡುತ್ತವೆ. ಆ ಪಟ್ಟಿಗಳಲ್ಲಿ ಗಿಡದ ಹೆಸರು ಇರುತ್ತದೆ. ಎಷ್ಟು, ಹೇಗೆ, ಯಾವುದರ ಜೊತೆ, ಎಷ್ಟು ದಿನ ಎಂಬುದು ಇರುವುದಿಲ್ಲ. ನಮ್ಮ ಹಿರಿಯರ ತಿಳಿವಳಿಕೆಯ ಮುಕ್ಕಾಲು ಪಾಲು ಇದ್ದದ್ದು ಅಲ್ಲೇ.

ಕೆಸುವನ್ನು ತಗೊಳ್ಳಿ. ಮಳೆಗಾಲದ ಪತ್ರೊಡೆ, ಕರಕಲಿ ಎಲ್ಲ ಇದರದ್ದೇ. ಸರಿಯಾಗಿ ಬೇಯದ ಕೆಸು ತಿಂದರೆ ಬಾಯಿ, ಗಂಟಲು ತುರಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಸುವಿನ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಂತೆ ಕಂತೆಯಾಗಿ ಕಾಣುತ್ತವೆ. ಈ ಸೂಜಿ ಚುಚ್ಚುತ್ತದೆ. ಜೊತೆಗೆ ಕೆರಳಿಸುವ ಒಂದು ಪ್ರೋಟೀನನ್ನೂ ಚುಚ್ಚಿದ ಜಾಗಕ್ಕೆ ದಾಟಿಸುತ್ತದೆ. ಹುಣಸೆಯ ಹುಳಿಗೋ ವಾಟೆಹುಳಿಗೋ ಆ ಸೂಜಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಆದರೆ ಹುಳಿಗೂ ಬಿಸಿಗೂ ಪ್ರೋಟೀನಿನ ಆಕಾರ ಕೆಡಿಸುವ ಶಕ್ತಿ ಇದೆ. ಹುಳಿ ಹಾಕಿ ತುಂಬಾ ಹೊತ್ತು ಬೇಯಿಸಬೇಕು ಅನ್ನುವುದು ಇದಕ್ಕೇ. ಮೂತ್ರಪಿಂಡದ ಕಲ್ಲು ಬಹಳ ಸಲ ಇದೇ ಕ್ಯಾಲ್ಸಿಯಂ ಆಕ್ಸಲೇಟಿನದ್ದು. ಕಲ್ಲಿನ ತೊಂದರೆ ಇದ್ದವರು ಕೆಸು ಕಡಿಮೆ ಮಾಡಬೇಕು. ತಿಂದರೂ ಮಜ್ಜಿಗೆ, ಮೊಸರಿನ ಜೊತೆ ತಿನ್ನುವುದು ವಾಸಿ. ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ಮಾಡುತ್ತದೆ.

ಮಜ್ಜಿಗೆ ಅಂದಕೂಡಲೇ ತಂಬುಳಿ ನೆನಪಾಗುತ್ತದೆ, ಅಲ್ವಾ? ಒಂದೆಲಗ, ದೊಡ್ಡಪತ್ರೆ, ಪೇರಲೆ ಚಿಗುರು, ಚಕ್ರಮುನಿ, ಹಿತ್ತಲಲ್ಲಿ ಏನು ಸಿಕ್ಕರೂ ಆಗುತ್ತದೆ. ಒಂದು ಹಿಡಿ ಸೊಪ್ಪು. ಚೂರು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಸೊಪ್ಪಿನ ಹಳದಿ-ಕಿತ್ತಳೆ ಬಣ್ಣದ ಪೋಷಕಾಂಶಗಳು ಎಣ್ಣೆ ಜಿಡ್ಡು ಇದ್ದರೆ ಮಾತ್ರ ಮೈಗೆ ಚೆನ್ನಾಗಿ ಹತ್ತುತ್ತವೆ. ತುಪ್ಪವೂ ಕಾಯಿಯೂ ಆ ಕೆಲಸ ಮಾಡುತ್ತವೆ. ಇನ್ನು ಪ್ರಮಾಣ ನೋಡಿ. ಒಂದು ಹಿಡಿ ಸೊಪ್ಪು ನಾಲ್ಕೈದು ಜನಕ್ಕೆ ಹಂಚಿ ಹೋಗುತ್ತದೆ. ಇವತ್ತು ಒಂದೆಲಗವಾದರೆ ನಾಳೆ ದೊಡ್ಡಪತ್ರೆ. ಒಂದೇ ಸೊಪ್ಪನ್ನು ತಿಂಗಳುಗಟ್ಟಲೆ ಯಾರೂ ಕುಡಿಯುವುದಿಲ್ಲ.

ಈ ಒಂದು ಹಿಡಿಯ ಬೆಲೆ ಏನು ಅಂತ ತೈವಾನಿನ ಜನಕ್ಕೆ ಬಹಳ ಕಷ್ಟದಿಂದ ಗೊತ್ತಾಯಿತು. ಚಕ್ರಮುನಿಯನ್ನು ನಮ್ಮಲ್ಲಿ ವಿಟಮಿನ್ ಸೊಪ್ಪು ಅಂತಲೂ ಕರೆಯುತ್ತಾರೆ. ಮಲೇಷ್ಯಾ, ಇಂಡೋನೇಷ್ಯಾದಲ್ಲಿ ಇದನ್ನು ಬೇಯಿಸಿ ಪಲ್ಯ, ಸಾರು ಮಾಡಿಕೊಂಡು ಎಷ್ಟೋ ಕಾಲದಿಂದ ತಿನ್ನುತ್ತಿದ್ದಾರೆ. 1990ರ ದಶಕದ ನಡುವೆ ತೈವಾನಿನಲ್ಲಿ ಇದು ತೂಕ ಇಳಿಸುತ್ತದೆ ಎಂಬ ಸುದ್ದಿ ಹಬ್ಬಿತು. ಜನ ಹಸಿ ಎಲೆಯನ್ನೇ ರುಬ್ಬಿ, ಪೇರಲೆ ಅಥವಾ ಅನಾನಸ್ ರಸದ ಜೊತೆ ದಿನವೂ ಕುಡಿಯತೊಡಗಿದರು. ಹೆಚ್ಚಿನವರು ಹೆಂಗಸರು, ಆರೋಗ್ಯವಾಗಿಯೇ ಇದ್ದವರು. ಕೆಲವು ವಾರಗಳಲ್ಲಿ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಲೂ ಆಗದಷ್ಟು ಏದುಸಿರು. ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಗಾಳಿಕೊಳವೆಗಳು ಗಾಯವಾಗಿ ಮುಚ್ಚಿಹೋಗುತ್ತಿದ್ದವು. ವೈದ್ಯರು ಇದನ್ನು ಬ್ರಾಂಕಿಯೋಲೈಟಿಸ್ ಆಬ್ಲಿಟರಾನ್ಸ್ ಎನ್ನುತ್ತಾರೆ. ಒಮ್ಮೆ ಮುಚ್ಚಿದ ಕೊಳವೆ ಮತ್ತೆ ತೆರೆಯುವುದಿಲ್ಲ. ಜ್ಯೂಸ್ ನಿಲ್ಲಿಸಿದರೂ ಉಸಿರು ಮರಳಲಿಲ್ಲ. ಕೆಲವರಿಗೆ ಬೇರೆಯವರ ಶ್ವಾಸಕೋಶ ಜೋಡಿಸಬೇಕಾಯಿತು. ಕೆಲವರು ತೀರಿಕೊಂಡರು.

ಸೊಪ್ಪು ಅದೇ. ಬೇಯಿಸಲಿಲ್ಲ, ಅಳತೆ ಇರಲಿಲ್ಲ, ದಿನ ಬಿಡಲಿಲ್ಲ. ಇದನ್ನು ಓದಿ ಹಿತ್ತಲಿನ ಚಕ್ರಮುನಿ ಗಿಡವನ್ನು ಯಾರೂ ಕಿತ್ತು ಹಾಕಬೇಕಾಗಿಲ್ಲ. ಅಪರೂಪಕ್ಕೆ ಬೇಯಿಸಿ ಪಲ್ಯ ಮಾಡಿ ತಿನ್ನುವವರು ಹೆದರುವಂಥದ್ದೇನೂ ಇದರಲ್ಲಿ ಇಲ್ಲ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಹಸಿ ಸೊಪ್ಪಿನ ರಸವನ್ನು ಲೋಟಗಟ್ಟಲೆ ಕುಡಿಯುವ ಈಗಿನ ರೂಢಿ ಮಾತ್ರ ನನಗೆ ಭಯ ಹುಟ್ಟಿಸುತ್ತದೆ. ಸೊಪ್ಪಿನ ಹೆಸರು ಯಾವುದೇ ಇರಲಿ.

ತೂಕ ಇಳಿಸುವ ಮಾತು ಬಂತಲ್ಲ, ನಮ್ಮ ಕಾಡಿನದ್ದೇ ಇನ್ನೊಂದು ಕಥೆ ಇದೆ. ಉಪ್ಪಾಗೆ. ಪಶ್ಚಿಮ ಘಟ್ಟದ ಮರ, ಕುಂಬಳಕಾಯಿಯ ಹಾಗೆ ಗೆರೆಗೆರೆ ಇರುವ ಪುಟ್ಟ ಹಣ್ಣು. ಸಿಪ್ಪೆ ಒಣಗಿಸಿ ಹುಳಿಗೆ ಬಳಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಇಲಿಗಳಲ್ಲಿ ಅದು ಕೊಬ್ಬು ತಯಾರಾಗುವುದನ್ನು ತಡೆಯುವಂತೆ ಕಂಡಿತು. ಅಷ್ಟು ಸಾಕಾಯಿತು. ಗಾರ್ಸಿನಿಯಾ ಹೆಸರಿನ ಕ್ಯಾಪ್ಸೂಲುಗಳು ಅಮೆರಿಕದ ಅಂಗಡಿಗಳಲ್ಲಿ ತುಂಬಿಕೊಂಡವು. ಇಲ್ಲಿ ಘಟ್ಟದ ಕಾಡುಗಳಲ್ಲಿ ಉಪ್ಪಾಗೆಗೆ ಬೇಡಿಕೆ ಏರಿತು. ಹಣ್ಣಾಗುವ ಮುಂಚೆಯೇ ಕೊಂಬೆ ಕಡಿದು ಕಾಯಿ ಇಳಿಸುವುದು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಸೌದೆ ಸುಡುವುದು, ಎಲ್ಲ ನಡೆಯಿತು.

1998ರಲ್ಲಿ ಅಮೆರಿಕದ ಒಂದು ಪ್ರಯೋಗದ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದ 135 ಜನರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಈ ಆಮ್ಲವನ್ನೂ ಇನ್ನೊಂದಕ್ಕೆ ಖಾಲಿ ಮಾತ್ರೆಯನ್ನೂ ಕೊಟ್ಟಿದ್ದರು. ಊಟದ ಪಥ್ಯ ಇಬ್ಬರಿಗೂ ಒಂದೇ. ಎರಡೂ ಗುಂಪಿನವರ ತೂಕ ಸ್ವಲ್ಪ ಸ್ವಲ್ಪ ಇಳಿಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಳಿಸಿದ್ದು ಪಥ್ಯ. ಮುಂದೆ ಇಂಥ ಕ್ಯಾಪ್ಸೂಲು ನುಂಗಿದವರಲ್ಲಿ ಕೆಲವರ ಯಕೃತ್ತಿಗೆ ಪೆಟ್ಟಾದದ್ದೂ ವರದಿಯಾಯಿತು. ಸಾರಿಗೆ ಹಾಕುವ ಒಂದೆರಡು ಉಪ್ಪಾಗೆ ಸಿಪ್ಪೆಯ ಮೇಲೆ ಈ ಅಪವಾದ ಹೊರಿಸುವಂತಿಲ್ಲ.

ಇನ್ನು ಅರಿಶಿನ ಮತ್ತು ಕಾಳುಮೆಣಸು. ನೆಗಡಿಯಾದರೆ ಮಲೆನಾಡಿನಲ್ಲಿ ಇವೆರಡು ಇಲ್ಲದ ಕಷಾಯವೇ ಕಡಿಮೆ. ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತುವುದು ಬಹಳ ಕಷ್ಟ. ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಬದಲಾಯಿಸಿ ಹೊರಗೆ ಹಾಕಿಬಿಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಈಗ ಜಗತ್ತಿಗೇ ಗೊತ್ತು. 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಸತ್ವ, ಕೊಟ್ಟಾಗ ಅದು ಸುಮಾರು 20 ಪಟ್ಟು ಏರಿತು. ಅಡುಗೆಯ ಲೆಕ್ಕಕ್ಕೆ ತಂದು ನೋಡೋಣ. 20 ಮಿಲಿಗ್ರಾಂ ಪೈಪರಿನ್ ಬೇಕಾದರೆ ಹತ್ತಿಪ್ಪತ್ತು ಕಾಳು ಸಾಕು. ಆದರೆ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. 2 ಗ್ರಾಂ ಬೇಕಾದರೆ 60 ಗ್ರಾಂ ದಾಟಿ ಅರಿಶಿನ ತಿನ್ನಬೇಕು! ಒಂದು ಲೋಟ ಕಷಾಯದಿಂದ ಅಂಥ ಔಷಧಿಯ ಕೆಲಸ ಬಯಸುವುದು ತಪ್ಪು. ಬಿಸಿ ನೀರು, ಶುಂಠಿ, ಮೆಣಸಿನ ಖಾರ ಮೂಗು ಗಂಟಲಿಗೆ ಹಿತ ಕೊಡುತ್ತವೆ. ನೆಗಡಿ ತಾನಾಗಿ ಹೋಗುವವರೆಗೆ ಅದು ಸಣ್ಣ ಸಹಾಯವೇನಲ್ಲ.

ಪೈಪರಿನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಇದನ್ನು ಹೇಳುವವರು ಕಡಿಮೆ. ಯಕೃತ್ತು ಕರ್ಕ್ಯುಮಿನ್ ಹೊರಹಾಕುವುದನ್ನು ತಡೆದ ಹಾಗೇ ಬೇರೆ ಔಷಧಿಗಳನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ಮೇಲೆ ಇದು ಕಂಡುಬಂದಿದೆ. ಸಾರಿನ ಮೆಣಸಿಗೆ ಹೆದರಬೇಕಾಗಿಲ್ಲ. ದಿನವೂ ಗಟ್ಟಿ ಮೆಣಸಿನ ಕಷಾಯ ಕುಡಿಯುವ, ಪೈಪರಿನ್ ಬೆರೆಸಿದ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಅದನ್ನು ಹೇಳಲೇಬೇಕು. ಬಹಳ ಜನ ಹೇಳುವುದಿಲ್ಲ, ಅದು ಔಷಧಿಯೇ ಅಲ್ಲ ಅನ್ನುವ ಭಾವನೆ.

ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೂ ಹೀಗೇ ಆಯಿತು. ಜ್ವರಕ್ಕೆ ನಾಲ್ಕು ದಿನ ಕುಡಿಯುತ್ತಿದ್ದ ಕಹಿ ಕಷಾಯವನ್ನು ರೋಗನಿರೋಧಕ ಶಕ್ತಿಗೆ ಅಂತ ತಿಂಗಳುಗಟ್ಟಲೆ ಕುಡಿದರು. ಅವರಲ್ಲಿ ಕೆಲವರಿಗೆ ಕಾಮಾಲೆ ಕಾಣಿಸಿತು. ದೇಶದ 13 ಆಸ್ಪತ್ರೆಗಳ ವೈದ್ಯರು 43 ರೋಗಿಗಳ ವಿವರವನ್ನು 2022ರಲ್ಲಿ ಪ್ರಕಟಿಸಿದರು. ಯಕೃತ್ತಿನ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದ ಲಕ್ಷಣ ಅಲ್ಲಿ ಕಂಡಿತ್ತು. ರಕ್ಷಣಾ ವ್ಯವಸ್ಥೆ ಹೀಗೇ ಮೈಮೇಲೆ ತಿರುಗಿಬೀಳುವ ಥೈರಾಯಿಡ್‌ನಂಥ ತೊಂದರೆ ಮೊದಲೇ ಇದ್ದವರೂ ಅವರಲ್ಲಿದ್ದರು. ಬಹುತೇಕರು ಕಷಾಯ ಬಿಟ್ಟ ಮೇಲೆ ಚೇತರಿಸಿಕೊಂಡರು. ಆಯುಷ್ ಸಚಿವಾಲಯ ಇಂಥ ವರದಿಗಳನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಎಂದಿತು. ಹಾಗೇ ಇದ್ದರೂ ಮನೆಯಲ್ಲಿ ಬಳ್ಳಿ ಕೊಯ್ದು ಕುದಿಸುವವರಿಗೆ ಅದೇ ದೊಡ್ಡ ಎಚ್ಚರಿಕೆ. ಎರಡನ್ನೂ ಕಣ್ಣಳತೆಯಲ್ಲಿ ಗುರುತಿಸುವುದು ಸುಲಭವಲ್ಲ.

ಕೆಮ್ಮಿಗೆ ಜೇನುತುಪ್ಪ ನಿಜಕ್ಕೂ ಒಳ್ಳೆಯದು. ಮಕ್ಕಳ ರಾತ್ರಿ ಕೆಮ್ಮು ಇದರಿಂದ ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ. ಜೇನಿನಲ್ಲಿ ಬಾಟ್ಯುಲಿನಂ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಬೆಳೆಯುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಬಿಡುತ್ತದೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ಇರುವ ಮನೆಗಳು ಇದೊಂದನ್ನು ದಯವಿಟ್ಟು ಬಿಡಬೇಕು.

ಅಡಿಕೆಯ ಮಾತನ್ನು ಬಿಟ್ಟು ಶಿವಮೊಗ್ಗದಲ್ಲಿ ಆರೋಗ್ಯದ ಬಗ್ಗೆ ಬರೆಯುವುದು ಸರಿಯಲ್ಲ. ನಮ್ಮ ಎಷ್ಟೋ ಮನೆಗಳ ಅನ್ನ ಅದು, ಈ ಮಾತು ಬೆಳೆಗಾರರಿಗೆ ನೋವು ಕೊಡುತ್ತದೆ ಅಂತ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿತು. ದಿನವಿಡೀ ಅಡಿಕೆ ಜಗಿಯುವವರ ಕೆನ್ನೆಯ ಒಳಭಾಗ ನಾರಿನಂತೆ ಬಿಗಿಯುತ್ತಾ ಬಂದು, ಕೊನೆಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ತಿಂದರೆ ಬಾಯಿ ಉರಿಯುವುದು, ಬಾಯಿ ಮೊದಲಿನಷ್ಟು ತೆರೆಯದಿರುವುದು ಕಂಡರೆ ತಡ ಮಾಡದೆ ತೋರಿಸಬೇಕು.

ಕೊನೆಯದಾಗಿ ಜ್ವರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತನಕ ಇದರ ಕಾಲ. ಕಾಡಿನ ಉಣುಗು ಕಚ್ಚಿ ವೈರಸ್ ಬರುತ್ತದೆ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಆಸ್ಪತ್ರೆಯಲ್ಲೂ ಇಲ್ಲ, ಕಷಾಯದಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ಇರುವುದು ರಕ್ತ ಪರೀಕ್ಷೆ, ಸಮಯಕ್ಕೆ ಸರಿಯಾಗಿ ಡ್ರಿಪ್, ರಕ್ತಸ್ರಾವದ ಮೇಲೆ ಕಣ್ಣು. ಜೀವ ಉಳಿಯುವುದು ಅದರಿಂದ. ಸೌದೆಗೆ, ಸೊಪ್ಪು ತರಗೆಲೆಗೆ ಕಾಡಿಗೆ ಹೋಗುವವರು ಮೈತುಂಬಾ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಆ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಆ ತಿಂಗಳುಗಳಲ್ಲಿ ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನೂ ಅಂಗಡಿಯಿಂದ ತಂದು ನುಂಗಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿತ್ತಾ ಎಂಬುದನ್ನು ಅವರು ಕೇಳುವ ಮುಂಚೆಯೇ ಹೇಳಿ.