ನೂರಕ್ಕೆ ಎಷ್ಟು ತಲುಪುತ್ತದೆ?

ಪ್ರಶ್ನೆ: ಸಂತ್ರಸ್ತರಿಗೆ ಹಣ ಕಳಿಸಬೇಕು ಅಂತಿದ್ದೇನೆ. ಒಂದು ಸಂಸ್ಥೆಯ ಆಡಳಿತ ವೆಚ್ಚ ಬರೀ ಶೇ. 4, ಇನ್ನೊಂದರದ್ದು ಶೇ. 18. ಮೊದಲನೆಯದಕ್ಕೇ ಕೊಡೋದು ಸರಿ ಅಲ್ವಾ?

ಆ ಅಂಕಿ ಒಂದನ್ನೇ ನೋಡಿ ಕೊಡಬೇಡಿ. ಪ್ರತಿ ಭೂಕಂಪ, ಪ್ರತಿ ನೆರೆ, ಪ್ರತಿ ಯುದ್ಧದ ಹೊತ್ತಿಗೂ ಈ ಪ್ರಶ್ನೆ ಬರುತ್ತದೆ. ನಾನೂ ಪ್ರತಿ ಸಲ ಇದನ್ನೇ ಹೇಳುತ್ತೇನೆ. ಈ ಸಲ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಆಡಳಿತ ವೆಚ್ಚ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಎಸಿ ಕೋಣೆ, ದೊಡ್ಡ ಕಾರು. ಅಂಥ ದುಂದು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಬರೆಯುವವರು, ಆಡಿಟರ್, ಕೆಲಸಕ್ಕೆ ಸೇರಿಸುವ ಮುಂಚೆ ಆ ಮನುಷ್ಯನ ಹಿಂದಿನ ನಡತೆ ವಿಚಾರಿಸುವವರು, ದೂರು ಬಂದರೆ ತನಿಖೆಗೆ ಹೋಗುವವರು, ಇವರೆಲ್ಲರ ಸಂಬಳವೂ ಸಾಮಾನ್ಯವಾಗಿ ಅದೇ ಬಾಬತ್ತಿಗೆ ಬೀಳುತ್ತದೆ. ಇವರನ್ನು ಕೈಬಿಟ್ಟರೆ ಶೇಕಡಾವಾರು ಇಳಿಯುತ್ತದೆ. ಕಳ್ಳತನ ಇಳಿಯುವುದಿಲ್ಲ.

ಒಂದು ಹಂಚಿಕೆ ಕೇಂದ್ರವನ್ನು ಹತ್ತಿರದಿಂದ ನೋಡೋಣ. ಬೆಳಗ್ಗೆಯಿಂದ ಸಾಲು ನಿಂತಿದೆ. ಒಬ್ಬ ಹೆಂಗಸು ಕಾರ್ಡು ತೋರಿಸಿ, ಹೆಬ್ಬೆಟ್ಟು ಒತ್ತಿ, ಚೀಲದ ಬಾಯಿ ಅಗಲಿಸಿ ಹಿಡಿಯುತ್ತಾಳೆ. ಅಳೆಯುವವನು ಡಬ್ಬವನ್ನು ಕಂಠದವರೆಗೆ ತುಂಬಿಸುವುದಿಲ್ಲ, ಎರಡು ಬೆರಳು ಕಮ್ಮಿ. ಆಕೆಗೆ ಅದು ಕಾಣುತ್ತದೆ. ದೂರು ಪೆಟ್ಟಿಗೆ ಗೋದಾಮಿನ ಬಾಗಿಲಲ್ಲೇ ಇದೆ. ಅದರ ಬೀಗದ ಕೈ ಇರುವುದು ಅದೇ ಅಳೆಯುವವನ ಜೇಬಿನಲ್ಲಿ. ಮುಂದಿನ ತಿಂಗಳೂ ಆಕೆ ಅವನ ಮುಂದೆಯೇ ಚೀಲ ಹಿಡಿಯಬೇಕು. ಸುಮ್ನೆ ಚೀಲ ಕಟ್ಟಿಕೊಂಡು ಹೋಗುತ್ತಾಳೆ. ವರದಿಯಲ್ಲಿ ಏನಿರುತ್ತದೆ? ದೂರುಗಳು ಸೊನ್ನೆ, ಆಡಳಿತ ವೆಚ್ಚ ಶೇ. 4.

ಇನ್ನೊಂದು ಸಂಸ್ಥೆ ದೂರು ಕೇಳಲು ಬೇರೆಯೇ ಜನರನ್ನು ಇಟ್ಟಿರುತ್ತದೆ. ಫೋನ್ ಎತ್ತುವವರು ಆಕೆಯ ಭಾಷೆ ಆಡುತ್ತಾರೆ, ಹಂಚಿಕೆಯವರಿಗೂ ಅವರಿಗೂ ಸಂಬಂಧ ಇರುವುದಿಲ್ಲ. ವಾರ ಕಳೆದ ಮೇಲೆ ಯಾರೋ ತಕ್ಕಡಿ ಹಿಡಿದು ಬಿಡಾರ ಬಿಡಾರಕ್ಕೆ ಹೋಗಿ, ನಿಜವಾಗಿ ಎಷ್ಟು ಸಿಕ್ಕಿತು ಅಂತ ಕೇಳುತ್ತಾರೆ. ಶೇ. 18ರಲ್ಲಿ ಇದೂ ಸೇರಿರಬಹುದು.

ಎರಡು ಬೆರಳು ಧಾನ್ಯ ಹೋದರೆ ಹೋಗಲಿ ಅನ್ನುವವರಿಗೆ ಇನ್ನೊಂದು ಮಾತು. 2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳ ನಿರಾಶ್ರಿತರ ಶಿಬಿರಗಳಿಂದ ಒಂದು ವರದಿ ಬಂತು. ನೆರವು ಕೊಡಲು ಹೋದವರಲ್ಲೇ ಕೆಲವರು ಆಹಾರಕ್ಕೆ ಬದಲಾಗಿ ಹುಡುಗಿಯರ ದೇಹ ಕೇಳುತ್ತಿದ್ದಾರೆ ಎಂಬ ಆರೋಪ ಅದರಲ್ಲಿತ್ತು. ಮರುವರ್ಷವೇ ವಿಶ್ವಸಂಸ್ಥೆ ಇದನ್ನು ನಿಷೇಧಿಸಿ ನಿಯಮ ಹೊರಡಿಸಿತು. ಆದರೂ 2018ರಿಂದ 2020ರವರೆಗೆ ಕಾಂಗೋದಲ್ಲಿ ಎಬೋಲಾ ರೋಗ ಹಬ್ಬಿದ್ದಾಗ ಅಂಥದ್ದೇ ಮತ್ತೆ ನಡೆಯಿತು. 2021ರ ಸ್ವತಂತ್ರ ತನಿಖೆ 83 ಆರೋಪಿಗಳನ್ನು ಗುರುತಿಸಿತು, ಅವರಲ್ಲಿ 21 ಜನ ವಿಶ್ವ ಆರೋಗ್ಯ ಸಂಸ್ಥೆಗೇ ಕೆಲಸ ಮಾಡುತ್ತಿದ್ದವರು. ನಿಯಮ ಕಾಗದದಲ್ಲಿತ್ತು. ಆ ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಿ ಹೇಳಿಕೊಳ್ಳುವ ಜಾಗ ಇರಲಿಲ್ಲ. ಅಂಥ ಜಾಗ ಮಾಡಲು ದುಡ್ಡು ಬೇಕು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇನ್ನು ಆ ಶೇ. 4 ಅನ್ನುವುದೇ ಗಟ್ಟಿ ಲೆಕ್ಕವಲ್ಲ. ಒಂದೇ ಜೀಪಿನ ಡೀಸೆಲ್ಲನ್ನು ಒಬ್ಬರು ಆಡಳಿತಕ್ಕೆ ಬರೆಯುತ್ತಾರೆ, ಇನ್ನೊಬ್ಬರು ಯೋಜನೆಗೆ ಬರೆಯುತ್ತಾರೆ. ದಾನವಾಗಿ ಬಂದ ಔಷಧಿಗೆ ಜಾಸ್ತಿ ಬೆಲೆ ಕಟ್ಟಿದರೆ ಒಟ್ಟು ಮೊತ್ತ ಉಬ್ಬುತ್ತದೆ, ಆಡಳಿತದ ಪಾಲು ತಾನಾಗಿಯೇ ಚಿಕ್ಕದಾಗಿ ಕಾಣುತ್ತದೆ. ಅಮೆರಿಕದಲ್ಲಿ ದಾನ ಸಂಸ್ಥೆಗಳ ಮಾಹಿತಿ ಕೊಡುವ, ಅವುಗಳನ್ನು ಅಳೆಯುವ 3 ದೊಡ್ಡ ಸಂಸ್ಥೆಗಳ ಮುಖ್ಯಸ್ಥರು 2013ರಲ್ಲಿ ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದರು. ಈ ಒಂದು ಅಂಕಿ ನೋಡಿ ನಿರ್ಧಾರ ಮಾಡಬೇಡಿ ಅನ್ನುವುದೇ ಅದರ ತಿರುಳು.

ಹಾಗಾದರೆ ಏನು ಕೇಳಬೇಕು? ದೂರು ಯಾರು ತೆಗೆದುಕೊಳ್ಳುತ್ತಾರೆ, ಕಳೆದ ವರ್ಷ ಎಷ್ಟು ಬಂದವು, ಏನು ಕ್ರಮ ಆಯಿತು ಅಂತ ಕೇಳಿ. ಸೊನ್ನೆ ಅಂದರೆ ಅನುಮಾನ ಪಡಿ. ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು ಸೇರಿ 1994ರಲ್ಲಿ ಮಾಡಿಕೊಂಡ ನೀತಿ ಸಂಹಿತೆಯ 9ನೇ ಅಂಶದಲ್ಲಿ, ಹಣ ಕೊಟ್ಟವರಿಗೂ ನೆರವು ಪಡೆಯುವವರಿಗೂ ನಾವು ಉತ್ತರದಾಯಿಗಳು ಅಂತಲೇ ಇದೆ. ಹಣ ಕೊಟ್ಟವರಿಗೆ ವರದಿ ಹೋಗುತ್ತದೆ. ಸಾಲಿನಲ್ಲಿ ನಿಂತವಳಿಗೆ ಏನು ಹೋಗುತ್ತದೆ?

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಕಳ್ಳತನ ಸಿಕ್ಕಿಬಿದ್ದ ಮೇಲೆ ನೆರವು ನಿಲ್ಲಿಸಬೇಕಾ? 2023ರಲ್ಲಿ ಇಥಿಯೋಪಿಯಾದಲ್ಲಿ ಹಸಿದವರಿಗೆ ಹೋಗಬೇಕಿದ್ದ ಧಾನ್ಯ ದೊಡ್ಡ ಪ್ರಮಾಣದಲ್ಲಿ ಬೇರೆಡೆ ಹೋಗುತ್ತಿದ್ದದ್ದು ಗೊತ್ತಾಯಿತು. ವಿಶ್ವಸಂಸ್ಥೆಯ ಆಹಾರ ನೆರವಿನ ಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಅಮೆರಿಕ ಸರ್ಕಾರ ಮೊದಲು ಟಿಗ್ರೇ ಪ್ರಾಂತ್ಯದಲ್ಲಿ, ಜೂನ್‌ನಲ್ಲಿ ಇಡೀ ದೇಶದಲ್ಲಿ ಆಹಾರ ನೆರವು ನಿಲ್ಲಿಸಿದವು. ಕದ್ದವರು ಯಾರೋ, ತಿಂಗಳುಗಟ್ಟಲೆ ಉಪವಾಸ ಬಿದ್ದವರು ಯಾರೋ. ನನ್ನ ಪ್ರಕಾರ ನಿಲ್ಲಿಸಿದ್ದು ತಪ್ಪು. ತೀರಾ ಹಸಿದವರಿಗಾದರೂ ಕಾವಲಿಟ್ಟು ಹಂಚುತ್ತಲೇ ತನಿಖೆ ಮಾಡಬೇಕಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ದೇಶದ ಉದ್ದಗಲಕ್ಕೂ ಹಂಚಿಕೆ ಮತ್ತೆ ಶುರುವಾಗುವಾಗ ಫಲಾನುಭವಿಗಳ ಪಟ್ಟಿ ಮಾಡುವ ಕ್ರಮವನ್ನೇ ಬದಲಿಸಿದರು, ಮೇಲ್ವಿಚಾರಣೆ ಹೆಚ್ಚಿಸಿದರು. ಅದಕ್ಕೆಲ್ಲ ಜನ ಬೇಕಾಯಿತು, ಅವರಿಗೆ ಸಂಬಳವೂ ಬೇಕಾಯಿತು.